ಗೋಡೆಯ ಜರಿಹುಲ್ಲು

ಔ ಮನೆತನದಲ್ಲಿ ಹುಟ್ಟಿದ ಸುಜೆನ್ ಹಟಮಾರಿ ಹೆಂಗಸು. ಹಟವನ್ನಾದರೂ ಸಹಿಸಬಹುದು, ಅದಕ್ಕಿಂತ ಕೆಟ್ಟದ್ದೊಂದು ಅವಳಲ್ಲಿತ್ತು. ಅರುವತ್ತೊಂದು ವರ್ಷದ ಬದುಕಿನಲ್ಲಿ ತನ್ನಿಂದ ತಪ್ಪಾಯಿತೆಂದು ಅವಳು ಒಮ್ಮೆಯೂ ಒಪ್ಪಿಕೊಂಡವಳಲ್ಲ. ಶಿಕೌ ಊರಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ಅವಳನ್ನು ಮೆಚ್ಚುವವರೂ ಹೇಳುತ್ತಿದ್ದರು, ಸ್ವಲ್ಪ ದನಿ ತಗ್ಗಿಸಿ, ಅಷ್ಟೆ. ಸಾರಿಗೆ ಉಪ್ಪು ಹೆಚ್ಚಾದರೆ ಅದು ಈಚಿನ ಉಪ್ಪಿನ ದೋಷ. ಹೊಲಿಗೆ ಸೊಟ್ಟಗಾದರೆ ಬಟ್ಟೆಯ ದೋಷ. ಪೇಟೆಯ ಬಸ್ಸು ತಪ್ಪಿದರೆ ಡ್ರೈವರನಿಗೆ ಗಡಿಯಾರ ನೋಡಲು ಬರುವುದಿಲ್ಲ.

ಕೆಲಸದಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗುಡ್ಡದಾಚೆಯ ಹಳ್ಳಿಯಿಂದ ಕುವಾಂಗ್ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಒಪ್ಪಿಸಿದ ಮೊದಲ ಕೆಲಸ ಹಿತ್ತಲಿನ ಕಲ್ಲುಗೋಡೆಯ ಸಂದಿಯಿಂದ ಜರಿಹುಲ್ಲನ್ನು ಕೀಳುವುದು. ನಡುವೆ ಒಂದು ದಂಟು, ಎರಡೂ ಪಕ್ಕ ಸಾಲಾಗಿ ಎಳೆಗಳು. ನೋಡಿದರೆ ಜರಿಹುಳ ಗೋಡೆ ಹತ್ತುತ್ತಿರುವ ಹಾಗೆ. ಎಷ್ಟು ಕಿತ್ತರೂ ಮತ್ತೆ ಬರುತ್ತಿತ್ತು. ನಲವತ್ತು ವರ್ಷ ಅವಳು ಕಿತ್ತಳು, ಅದು ಬಂತು. ಇಬ್ಬರಲ್ಲಿ ಯಾರೂ ಸೋಲಲಿಲ್ಲ.

ಊರಿನ ಮೇಲುಭಾಗದಲ್ಲಿ, ತೊರೆಯ ದಡದಲ್ಲಿ, ಅದಿರು ಸುಟ್ಟು ಪಾಷಾಣ, ಅಂದರೆ ಆರ್ಸೆನಿಕ್ ವಿಷ, ತೆಗೆಯುವ ಕಾರ್ಖಾನೆಯಿತ್ತು. ಸುಜೆನಳ ಗಂಡ ದೆಮಿಂಗ್ ಅಲ್ಲಿ ಅದಿರಿನ ಗಾಡಿ ತಳ್ಳುತ್ತಿದ್ದ. ಕುಲುಮೆಯ ಮೇಸ್ತ್ರಿ ಲೇ ಫೂಗೆನ್, ಅದೇ ಓಣಿಯ ಕೊನೆಯ ಮನೆಯವನು. ಒಂದು ಚಳಿಗಾಲ ಕಾರ್ಖಾನೆಯ ಕೊಳಕುನೀರಿನ ಹೊಂಡ ಒಡೆಯಿತು. ನೀರು ಚರಂಡಿಗೆ, ಚರಂಡಿಯಿಂದ ಬಾವಿಗೆ, ಗದ್ದೆಗೆ. ಒಂದೇ ವಾರದಲ್ಲಿ ಅರ್ಧ ಊರು ವಾಂತಿ ಮಾಡಿಕೊಂಡು ಪೇಟೆಯ ಆಸ್ಪತ್ರೆಯಲ್ಲಿ ಮಲಗಿತ್ತು. ಅಧಿಕಾರಿಗಳು ಬಂದರು, ಬಾವಿಗೆ ಸಿಮೆಂಟು ಹಾಕಿದರು, ಕಾರ್ಖಾನೆಯ ಗೇಟಿಗೆ ಬೀಗಮುದ್ರೆ ಒತ್ತಿದರು. ಆ ಗದ್ದೆಗಳಲ್ಲಿ ಬೆಳೆದ ಅಕ್ಕಿಯನ್ನು ಯಾರೂ ಉಣ್ಣಬಾರದೆಂದು ಬೋರ್ಡು ನೆಟ್ಟರು. ಮರುವರ್ಷ ದೆಮಿಂಗ್ ತೀರಿಕೊಂಡ. ಶ್ವಾಸಕೋಶ ಅಂದರು.

ಹೆಣ ಇನ್ನೂ ಅಂಗಳದಲ್ಲಿರುವಾಗಲೇ ಸುಜೆನ್ ಎಲ್ಲರೆದುರು ಫೂಗೆನನಿಗೆ ಹೇಳಿದ್ದಳು: "ನೀನೇ ಅವರನ್ನ ಆ ಕೆಲಸಕ್ಕೆ ಕರ್ಕೊಂಡು ಹೋದೋನು."

ಫೂಗೆನ್ ತಲೆ ಬಗ್ಗಿಸಿಕೊಂಡೇ ಉತ್ತರ ಕೊಟ್ಟ: "ಕೆಲಸ ಕೊಡ್ಸಿ ಅಂತ ಮೂರು ಸಲ ನನ್ನ ಬಾಗಿಲಿಗೆ ಬಂದೋಳು ನೀನು, ಸುಜೆನ್."

ಅದು ನಿಜ ಎಂದು ಊರಿಗೆಲ್ಲ ಗೊತ್ತಿತ್ತು. ಅಂದಿನಿಂದ ಇಬ್ಬರಿಗೂ ಮಾತಿರಲಿಲ್ಲ. ಆದರೂ ವರ್ಷಕ್ಕೊಮ್ಮೆ, ಐದನೆಯ ತಿಂಗಳ ಹಬ್ಬದ ಹಿಂದಿನ ದಿನ, ಸುಜೆನ್ ಅವನ ಬಾಗಿಲ ಮೊಳೆಗೆ ಹತ್ತು ಕಡುಬುಗಳ ಗೊಂಚಲನ್ನು ತೂಗುಹಾಕಿ ಬರುತ್ತಿದ್ದಳು. ಹೆಂಡತಿ ಸತ್ತ ಗಂಡಸಿಗೆ ಹಬ್ಬದ ಕಡುಬು ಯಾರು ಮಾಡಿಕೊಡಬೇಕು? ನಾಲ್ಕು ದಿನ ಬಿಟ್ಟು ಅವಳ ಬಾಗಿಲ ಮೊಳೆಯಲ್ಲಿ ಒಣಮೆಣಸಿನಕಾಯಿಯ ಒಂದು ಸರ ತೂಗುತ್ತಿತ್ತು. ಐದು ವರ್ಷ ಇಬ್ಬರ ನಡುವಿನ ವ್ಯವಹಾರವೆಲ್ಲ ಆ ಎರಡು ಮೊಳೆಗಳದ್ದೇ.

ಗದ್ದೆಗಳು ಪಾಳು ಬಿದ್ದು ಮೂರನೆಯ ವರ್ಷ ರಾಜಧಾನಿಯಿಂದ ಸರ್ಕಾರದ ಯೋಜನೆಯೊಂದರ ಮೇಲೆ ಶೆನ್ ಎಂಬ ಹುಡುಗಿ ಬಂದಳು. ವಯಸ್ಸು ಮೂವತ್ತೂ ಇರಲಿಲ್ಲ, ಆದರೆ ದೊಡ್ಡ ಓದು. ಎಲ್ಲರೂ ಟೀಚರ್ ಎಂದೇ ಕರೆದರು. ಸುಜೆನಳ ಗದ್ದೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಆ ಗದ್ದೆಯಲ್ಲಿ ಜರಿಹುಲ್ಲು ನೆಡುತ್ತೇವೆ ಎಂದಳು. ಆ ಹುಲ್ಲು ಮಣ್ಣಿನಿಂದ ಪಾಷಾಣವನ್ನು ಹೀರಿ ಎಲೆಗಳಲ್ಲಿ ಇಟ್ಟುಕೊಳ್ಳುತ್ತದೆ. ಕತ್ತರಿಸಿ ಒಯ್ದರೆ ವಿಷವೂ ಹೋದಂತೆ. ವರ್ಷ ವರ್ಷ ಹೀಗೆ ಮಾಡಿದರೆ ಗದ್ದೆ ಮತ್ತೆ ಗದ್ದೆಯಾಗುತ್ತದೆ.

ಸುಜೆನ್ ಬಾಯಿ ತುಂಬ ನಕ್ಕಳು. "ನಲವತ್ತು ವರ್ಷ ಇದನ್ನ ಕಿತ್ತು ಬಿಸಾಕಿ ನನ್ನ ಉಗುರು ಸವೆದಿದೆ. ಈಗ ಇದನ್ನೇ ನೆಡಬೇಕಾ? ಎಷ್ಟು ವರ್ಷ, ಟೀಚರಮ್ಮ?"

"ಐದು. ಎಂಟೂ ಆಗಬಹುದು."

"ಅಷ್ಟೊತ್ತಿಗೆ ನಾನೂ ಮಣ್ಣೊಳಗಿರ್ತೀನಿ. ನನ್ನನ್ನೂ ಹೀರ್ಕೊಳ್ಳುತ್ತಾ ಕೇಳಿ ನಿಮ್ಮ ಹುಲ್ಲನ್ನ."

ಆದರೂ ಕೂಲಿಗೆ ಸೇರಿದಳು. ಗದ್ದೆ ಅವಳದೇ, ಬೇರೆಯವರ ಕೈ ಅಲ್ಲಿ ಓಡಾಡುವುದನ್ನು ನೋಡುತ್ತ ಕೂರಲು ಅವಳಿಂದಾಗದು. ಮೊದಲನೆಯ ವಾರವೇ ಕಳೆ ತೆಗೆಯಲು ಕೂತು, ಅಭ್ಯಾಸದ ಬಲದಿಂದ, ಎರಡು ಸಾಲು ಜರಿಸಸಿಗಳನ್ನು ಬೇರುಸಹಿತ ಕಿತ್ತು ಬದುವಿನ ಮೇಲೆ ಒಪ್ಪವಾಗಿ ಪೇರಿಸಿಟ್ಟಳು. ಶೆನ್ ಓಡಿಬಂದು ತಲೆಯ ಮೇಲೆ ಕೈಹೊತ್ತು ನಿಂತಾಗ ಸುಜೆನ್ ಹೇಳಿದ್ದು ಇಷ್ಟೆ: "ನೆಟ್ಟಿದ್ದೇ ಸರಿಯಿರ್ಲಿಲ್ಲ. ಗಟ್ಟಿಯಾಗಿ ನೆಟ್ಟಿದ್ರೆ ಕೈಗೆ ಬರ್ತಿತ್ತಾ?" ಆಮೇಲೆ ಆ ಎರಡು ಸಾಲನ್ನೂ ಸಂಜೆಯೊಳಗೆ ತಾನೇ ಮತ್ತೆ ನೆಟ್ಟಳು. ಒಂದೂ ಸಾಯಲಿಲ್ಲ.

ಎರಡನೆಯ ವರ್ಷಕ್ಕೆ ಅವಳೇ ಅಲ್ಲಿನ ಹೆಂಗಸರಿಗೆ ಮುಖ್ಯಸ್ಥೆ. ವರ್ಷಕ್ಕೆರಡು ಸಲ ಹುಲ್ಲು ಕುಯ್ಯುವುದು, ಕಂತೆ ಕಟ್ಟಿ ಷೆಡ್ಡಿನಲ್ಲಿ ಒಣಗಿಸುವುದು, ಹೊಗೆ ಹೊರಹೋಗದ ಹಾಗೆ ಕಟ್ಟಿಸಿದ ಮುಚ್ಚುಗೂಡಿನಲ್ಲಿ ಸುಡುವುದು, ಬೂದಿಯನ್ನು ಕಬ್ಬಿಣದ ಪೀಪಾಯಿಗಳಿಗೆ ತುಂಬಿ ಮುಚ್ಚಳ ಬಿಗಿಯುವುದು. ಷೆಡ್ಡಿನ ಬೀಗದ ಕೈ ಅವಳ ಸೊಂಟದಲ್ಲಿತ್ತು. ಒಂದು ಎಸಳು ಕೆಳಗೆ ಬಿದ್ದರೂ ಬಿಡುತ್ತಿರಲಿಲ್ಲ.

"ಏ ಲಿಫೆನ್, ಕೈಗವಸು ಎಲ್ಲಿ? ಅದನ್ನ ಕೊಟ್ಟಿರೋದು ಜೇಬಲ್ಲಿಟ್ಕೊಂಡು ಬೆಚ್ಚಗೆ ಮಲಗಿಸೋಕಲ್ಲ. ಕಂತೆ ಮನೆಗೆ ಒಯ್ದು ಒಲೆಗಿಟ್ಟೀಯ, ಜೋಕೆ! ಇದು ಪಾಷಾಣ."

ಆ ಸೀಮೆಯ ಹೆಂಗಸರು ಕಣ್ಣಿಗೆ ಬಿದ್ದ ಒಣಸೊಪ್ಪನ್ನೆಲ್ಲ ಒಲೆಯ ಪುರಳೆಗೆಂದು ಒಯ್ಯುವವರು, ಎಚ್ಚರಿಕೆ ಬೇಕಾದದ್ದೇ. ಪಕ್ಕದ ದುವಾನ್ ಮನೆಯ ಸೊಸೆ ಲಿಫೆನ್ ಬುದ್ಧಿವಂತೆ. ಕಳೆದ ಶರತ್ಕಾಲದಲ್ಲಿ ಅವಳು ಕೇಳಿದ್ದಳು: "ದೊಡ್ಡಮ್ಮ, ನಮ್ಮ ಹಿತ್ತಲ ಗೋಡೆ ಮೇಲೆ ಬರೋದೂ ಇದೇ ಹುಲ್ಲಲ್ವಾ? ಅದನ್ನೂ ಒಲೆಗೆ ಹಾಕ್ಬಾರ್ದಾ?"

"ಅದು ನಮ್ಮತ್ತೆ ಕಾಲದ ಹುಲ್ಲು ಕಣೇ. ಕಾರ್ಖಾನೆ ಹುಟ್ಟೋಕೆ ಮುಂಚೆಯಿಂದ ಇದೆ. ಗದ್ದೇದು ಸರ್ಕಾರದ್ದು, ಗೋಡೇದು ನಮ್ಮದು. ಕಲ್ಲುಗೋಡೆಗೆ ಎಲ್ಲಿಂದ ಬರುತ್ತೆ ಪಾಷಾಣ?"

"ಶೆನ್ ಟೀಚರನ್ನ ಒಂದು ಮಾತು ಕೇಳೋಣ್ವಾ?"

"ಇದರಲ್ಲಿ ಕೇಳೋದೇನಿದೆ?"

ಮಾತು ಅಲ್ಲಿಗೆ ಮುಗಿಯಿತು. ಗೋಡೆಯ ಬುಡದಲ್ಲೇ ಆ ಚರಂಡಿ ಹರಿಯುತ್ತಿತ್ತು, ಹೊಂಡ ಒಡೆದ ವರ್ಷದ ಹೂಳು ಅಲ್ಲೇ ನಿಂತು ಒಣಗಿತ್ತು, ಹುಲ್ಲಿನ ಬೇರು ಕಲ್ಲು ದಾಟಿ ಅದರೊಳಕ್ಕೆ ಇಳಿದಿತ್ತು ಎನ್ನುವುದನ್ನು ಸುಜೆನ್ ಪ್ರತಿದಿನ ನೋಡುತ್ತಿದ್ದಳು. ನೋಡುತ್ತಿದ್ದಳು, ಯೋಚಿಸಿರಲಿಲ್ಲ. ಆ ಶರತ್ಕಾಲ ಓಣಿಯ ಹೆಂಗಸರು ಅವಳ ಮಾತು ನಂಬಿ ತಂತಮ್ಮ ಗೋಡೆಯ ಹುಲ್ಲು ಕುಯ್ದು, ಕಂತೆ ಕಟ್ಟಿ, ಸೂರಿನ ಕೆಳಗೆ ತೂಗುಹಾಕಿಕೊಂಡರು.

ಐದನೆಯ ತಿಂಗಳ ಹಬ್ಬಕ್ಕೆ ಆ ಓಣಿಯಲ್ಲಿ ಒಂದು ಏರ್ಪಾಡಿತ್ತು. ಉಪ್ಪುನೀರಿನಲ್ಲಿ ಊರಿಸಿದ ಉಪ್ಪುಮೊಟ್ಟೆಯನ್ನು ಸುಜೆನಳ ಓರಗಿತ್ತಿ ಮಾನ್ಯಿಂಗ್ ಮಾಡಬೇಕು, ಬೂದಿನೀರಿನ ಕಡುಬು ಸುಜೆನ್ ಕಟ್ಟಬೇಕು. ಹನ್ನೊಂದು ಮನೆಗೂ ಹಂಚಬೇಕು. ಲಕ್ಕಿಗಿಡದ ಕೊಂಬೆಗಳನ್ನು ಸುಟ್ಟು, ಬೂದಿಗೆ ಕುದಿನೀರು ಹೊಯ್ದು, ಬಟ್ಟೆಯಲ್ಲಿ ಸೋಸಿ, ಆ ನೀರಿನಲ್ಲಿ ಅಂಟಕ್ಕಿ ನೆನೆಹಾಕಿದರೆ ಅಕ್ಕಿ ಹಳದಿಗೆ ತಿರುಗುತ್ತದೆ. ಬಿದಿರೆಲೆಯಲ್ಲಿ ಮಡಚಿ ಕಟ್ಟಿ ಹೊತ್ತು ಮುಳುಗುವವರೆಗೆ ಬೇಯಿಸಿದರೆ ಕಡುಬು. ಬೇರೆಯವರು ಮಾಡಿದರೆ ಮಾಸಲು. ಸುಜೆನಳದು ಚಿನ್ನದ ಬಣ್ಣ. ಅವಳಿಗೆ ಅದು ಗೊತ್ತಿತ್ತು, ಇತರರಿಗೆ ಮರೆಯಲೂ ಬಿಡುತ್ತಿರಲಿಲ್ಲ.

ಆ ವರ್ಷ ಹಬ್ಬಕ್ಕೆ ಮುಂಚೆ ಹದಿನೈದು ದಿನ ಮಳೆ ಹಿಡಿದುಕೊಂಡಿತು. ಲಕ್ಕಿಯ ಕೊಂಬೆ ಹಸಿ, ಪುರಳೆ ತೇವ, ಬೆಂಕಿ ಹತ್ತಲೊಲ್ಲದು. ಸೂರಿನ ಕೆಳಗೆ ಒಣಗಿ ಗಲಗಲ ಅನ್ನುತ್ತಿದ್ದದ್ದು ಗೋಡೆಯ ಜರಿಹುಲ್ಲು ಒಂದೇ. ಸುಜೆನ್ ಒಂದು ಕಂತೆ ಎಳೆದು ಒಲೆಗಿಟ್ಟಳು. ಭಗ್ಗೆಂದು ಹತ್ತಿತು. ಲಕ್ಕಿ ಮತ್ತೆ ಹೊಗೆಯಾಡಿದಾಗ ಇನ್ನೊಂದು, ಆಮೇಲೆ ಮತ್ತೊಂದು. ನಡುವೆ ಎಲ್ಲಿಂದಲೋ ಬೆಳ್ಳುಳ್ಳಿಯ ವಾಸನೆ ಬಂತು. ಪಕ್ಕದಲ್ಲಿ ಮಾನ್ಯಿಂಗ್ ಒಗ್ಗರಣೆ ಹಾಕುತ್ತಿದ್ದಾಳೆ, ಎಣ್ಣೆ ಸೀಯಿಸಿದ್ದಾಳೆ ಅಂದುಕೊಂಡಳು. ಬೂದಿಯೆಲ್ಲ ಒಂದೇ ಮಡಕೆಗೆ ಬಂತು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಹನ್ನೊಂದು ಮನೆಗೆ ಹತ್ತತ್ತು ಕಡುಬು ಕೊಟ್ಟುಬಂದಳು. ಯಾರೂ ಆ ದಿನ ತಿನ್ನುವುದಿಲ್ಲ. ಮರುದಿನ ಬೆಳಿಗ್ಗೆ ಹಿರಿಯರಿಗೆ ಎಡೆಯಿಟ್ಟ ಮೇಲೆಯೇ ಬಾಯಿಗೆ.

ಹೊತ್ತು ಸ್ವಲ್ಪ ಏರಿದಾಗ ಶೆನ್ ಬಂದಳು. ಹೆಗಲಿಗೆ ಚೀಲ, ಹನ್ನೊಂದರ ಬಸ್ಸಿಗೆ ಹೊರಟಿದ್ದಳು. ಹಬ್ಬಕ್ಕೆ ತಾಯಿಯ ಮನೆಗೆ.

"ಬರಿಗೈಲಿ ಹೋಗ್ಬೇಡಿ," ಎಂದು ಸುಜೆನ್ ಎರಡು ಕಡುಬು ತಂದು ಅವಳ ಕೈಗಿಟ್ಟಳು. "ಒಂದು ಇಲ್ಲೇ ತಿನ್ನಿ. ನಿಮ್ಮನೆ ಹಿರಿಯರು ರಾಜಧಾನೀಲಿದ್ದಾರೆ, ಅವರಿಗೆ ಇಲ್ಲೀದು ಕಾಣಲ್ಲ."

ಶೆನ್ ನಕ್ಕು ಹೊಸ್ತಿಲ ಮೇಲೆ ಕೂತು ದಾರ ಬಿಚ್ಚತೊಡಗಿದಳು. "ದೊಡ್ಡಮ್ಮ, ವಸಂತದಲ್ಲಿ ನಿಮ್ಮ ಹಿತ್ತಲ ಗೋಡೆಯಿಂದ ನಾಲ್ಕು ಎಲೆ ಕಿತ್ಕೊಂಡು ಹೋಗಿದ್ದೆ, ನೆನಪಿದೆಯಾ? ನೀವು ಬೈದಿರಿ."

"ಬೈದಿಲ್ಲ. ಗೋಡೆ ಸಡಿಲ ಇದೆ ಅಂದೆ."

"ಅದರ ಫಲಿತಾಂಶ ನಿನ್ನೆ ಬಂತು. ಗದ್ದೇದಕ್ಕಿಂತ ಅದರಲ್ಲೇ ಪಾಷಾಣ ಹೆಚ್ಚು. ಎರಡು ಪಟ್ಟಿಗೂ ಮೇಲೆ. ಚರಂಡಿ ಹೂಳು ಇರಬೇಕು." ಎಲೆಯ ಒಂದು ಮಡಿಕೆ ಬಿಚ್ಚಿತ್ತು, ಹಳದಿಯ ಒಂದು ಮೂಲೆ ಕಾಣುತ್ತಿತ್ತು. "ಓಣಿಯಲ್ಲಿ ಎಲ್ಲ ಗೋಡೆಗಳಲ್ಲೂ ಕುಯ್ದಿರೋ ಹಾಗಿದೆ. ಹಬ್ಬ ಮುಗಿಸಿ ಬಂದ ಮೇಲೆ ಎಲ್ಲರನ್ನೂ ಸೇರಿಸಿ ಹೇಳ್ತೀನಿ. ನೀವು ಕುಯ್ದದ್ದನ್ನ ಏನ್ ಮಾಡಿದ್ರಿ?"

ಅವಳು ಕಡುಬನ್ನು ಬಾಯಿಗೆತ್ತಿದಳು. ಸುಜೆನ್ ಒಂದೇ ಹೆಜ್ಜೆಗೆ ಬಂದು ಅದನ್ನು ಅವಳ ಕೈಯಿಂದ ಕಿತ್ತುಕೊಂಡಳು. ಇನ್ನೊಂದನ್ನು ಮಡಿಲಿನಿಂದ.

"ಅಯ್ಯೋ, ಏನಾಯ್ತು?"

"ಇದು ಸರಿಯಾಗಿ ಬೆಂದಿಲ್ಲ."

"ಪರ್ವಾಗಿಲ್ಲ, ನಾನು—"

"ಬಸ್ಸು ತಪ್ಪುತ್ತೆ, ಏಳಿ. ಕುಯ್ದದ್ದು ಗುಂಡಿಗೆ ಹಾಕಿದೆ. ಹೋಗಿ."

ಶೆನ್ ಬರಿಗೈಯನ್ನು ನೋಡಿಕೊಂಡು, ಅವಳ ಮುಖ ನೋಡಿ, ಏನೂ ಅರ್ಥವಾಗದೆ ಎದ್ದು ಹೋದಳು. ಹೇಳಬಹುದಾಗಿತ್ತು. ಓದಿದ ಹುಡುಗಿ, ಜಗಳವಾಡುವವಳಲ್ಲ, ಜೊತೆಗೆ ಬಂದು ಮನೆಮನೆಗೆ ತಾನೇ ಹೇಳುತ್ತಿದ್ದಳು. ಅವಳು ತಿರುವು ದಾಟುವವರೆಗೂ ಸುಜೆನ್ ಬಾಗಿಲಲ್ಲೇ ನಿಂತಿದ್ದಳು.

ಒಳಗೆ ಬಂದು ಸೂರಿನ ಕೆಳಗೆ ನೋಡಿದಳು. ಆರು ಕಂತೆ ಇದ್ದದ್ದು ಮೂರಾಗಿತ್ತು. ಆಮೇಲೆ ದೊಡ್ಡ ಬುಟ್ಟಿಯನ್ನು ಬೆನ್ನಿಗೇರಿಸಿ ಓಣಿಗೆ ಇಳಿದಳು.

ಮೊದಲು ಮಾನ್ಯಿಂಗ್. ಅವಳು ಅಂಗಳದಲ್ಲಿ ಬಾತುಕೋಳಿ ಪುಕ್ಕ ಕೀಳುತ್ತಿದ್ದಳು.

"ಬೆಳಿಗ್ಗೆ ಕೊಟ್ಟ ಕಡುಬು ವಾಪಸ್ ಕೊಡು."

"ಏನಕ್ಕ, ಎಣಿಕೆ ತಪ್ಪಿತಾ?"

"ನನ್ನ ಎಣಿಕೆ ಯಾವತ್ತೂ ತಪ್ಪಲ್ಲ. ನೀನು ಕೊಟ್ಟ ಉಪ್ಪುಮೊಟ್ಟೇಲಿ ಎರಡು ಕೆಟ್ಟಿತ್ತು. ಅಂಥ ಮೊಟ್ಟೆಗೆ ಇಂಥ ಕಡುಬು ಹೆಚ್ಚಾಯ್ತು."

ಮಾನ್ಯಿಂಗ್ ಕೈಯಲ್ಲಿದ್ದ ಬಾತುಕೋಳಿಯನ್ನು ನೀರಿನ ತೊಟ್ಟಿಗೆ ಎಸೆದಳು. "ಮೂವತ್ತು ವರ್ಷ ನಾನು ಮೊಟ್ಟೆ ಉಪ್ಪಿಗೆ ಹಾಕ್ತಾ ಇದೀನಿ! ತಗೊಂಡು ಹೋಗು. ಹಬ್ಬಕ್ಕೆ ಕೊಟ್ಟಿದ್ದನ್ನ ಕಿತ್ಕೊಳ್ಳೋಳು ಅಂತ ನಿನ್ನ ಮೊಮ್ಮಕ್ಕಳಿಗೂ ಹೇಳ್ತೀನಿ."

"ಹೇಳು. ಹತ್ತೂ ಇದೆಯಾ? ಬಾಣಲೆ ಹಿಂದೆ ಒಂದು ಬಚ್ಚಿಟ್ಟಿಲ್ಲ ತಾನೆ?"

"ಥೂ! ಎಣಿಸ್ಕೋ!"

ಹತ್ತೂ ಇದ್ದವು.

ಲಿಫೆನಳಿಗೆ ಹೇಳಿದ್ದು, ಕಳೆದ ವರ್ಷ ನೀನು ಕಡುಬು ಚಿಕ್ಕದು ಅಂದಿದ್ದೆಯಂತೆ. ಲಿಫೆನ್ ಅಂದೇ ಇರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಗೊಂಚಲನ್ನು ತಂದುಕೊಟ್ಟಳು. ಮುಂದಿನ ಮನೆಯವರಿಗೆ, ನಿಮ್ಮ ನಾಯಿ ನನ್ನ ಕೋಳಿ ಹಿಡಿಯಿತು. ಅದರ ಮುಂದಿನವರಿಗೆ, ಮದುವೆಗೆ ಕರೆಯುವಾಗ ನನ್ನ ಹೆಸರು ಕೊನೆಗೆ ಬರೆದಿರಿ. ಒಂದೊಂದು ಮನೆಗೆ ಒಂದೊಂದು ಕಾರಣ. ಹುಡುಕುವುದು ಕಷ್ಟವಾಗಲಿಲ್ಲ, ನಲವತ್ತೆರಡು ವರ್ಷ ಅಕ್ಕಪಕ್ಕ ಬದುಕಿದವರ ಮೇಲೆ ಕಾರಣಗಳು ಬೇಕಾದಷ್ಟು ಕೂಡಿರುತ್ತವೆ. ಬೆನ್ನ ಹಿಂದೆ ಬಾಗಿಲುಗಳು ಧಡ್ ಧಡ್ ಎಂದು ಮುಚ್ಚಿಕೊಂಡವು. "ಮುದುಕಿಗೆ ತಲೆ ಕೆಟ್ಟಿದೆ," "ಜಿಪುಣತನಕ್ಕೂ ಒಂದು ಮಿತಿ ಬೇಡ್ವಾ?" ಎಂಬ ಮಾತುಗಳು ಅವಳ ಕಿವಿಗೆ ಬೀಳಲೆಂದೇ ಗಟ್ಟಿಯಾಗಿ ಬಂದವು. ಸುಜೆನ್ ಎಣಿಸುತ್ತ ನಡೆದಳು. ಅರುವತ್ತು. ಎಪ್ಪತ್ತು. ಎಂಬತ್ತು. ಜಿಪುಣಿ ಅನ್ನಲಿ. ಹುಚ್ಚಿ ಅನ್ನಲಿ. ಅದನ್ನು ಹೊರುವುದು ಅವಳಿಗೆ ಕಷ್ಟವಲ್ಲ.

ಒಂಬತ್ತನೆಯದು ಗೂ ಮನೆಯ ಅಜ್ಜಿಯದು. ಎಂಬತ್ತನಾಲ್ಕು ವಯಸ್ಸು, ಬಾಯಲ್ಲಿ ಒಂದು ಹಲ್ಲಿಲ್ಲ, ಒಬ್ಬಳೇ ಇರುವವಳು. ಸುಜೆನ್ ಒಳಗೆ ಕಾಲಿಟ್ಟಾಗ ಅಜ್ಜಿಯ ಮುಂದೆ ಬಟ್ಟಲಿತ್ತು. ಒಂದು ಕಡುಬನ್ನು ಬಿಚ್ಚಿ, ಹಿಸುಕಿ, ಮೇಲೆ ಸಕ್ಕರೆ ಉದುರಿಸಿ, ಚಮಚ ಹಿಡಿದಿದ್ದಳು.

"ತಿಂದೆಯಾ?" ಸುಜೆನಳ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು.

ಅಜ್ಜಿ ಕಳ್ಳನಗೆ ನಕ್ಕಳು. "ಇನ್ನೂ ಇಲ್ಲ ಮಗಳೇ. ಯಾರೂ ನೋಡ್ತಿಲ್ಲ ಅಂದ್ಕೊಂಡೆ. ಹಿರಿಯರು ನಾಳೆವರೆಗೆ ಕಾಯ್ತಾರೆ, ನನ್ನ ಹೊಟ್ಟೆ ಕಾಯಲ್ಲ ನೋಡು."

"ಬಾಯಿ ತೆಗಿ."

"ಹಾಂ?"

"ಬಾಯಿ ತೆಗಿ, ನೋಡ್ತೀನಿ."

ಅಜ್ಜಿ ಬಾಯಿ ತೆರೆದಳು. ಬರಿಯ ಒಸಡು, ಖಾಲಿ ನಾಲಿಗೆ. ಸುಜೆನ್ ಚಮಚವನ್ನು ಅವಳ ಬೆರಳುಗಳಿಂದ ಬಿಡಿಸಿದಳು, ಬಟ್ಟಲನ್ನೇ ಬುಟ್ಟಿಗೆ ಮಗುಚಿದಳು, ಉಳಿದ ಒಂಬತ್ತನ್ನೂ ತೆಗೆದುಕೊಂಡಳು.

ಅಜ್ಜಿಯ ಮುಖ ಮಗುವಿನ ಮುಖದಂತೆ ಮುದುಡಿತು. "ಕೊಟ್ಟು ಕಿತ್ಕೊತೀಯಲ್ಲೇ ಸುಜೆನ್. ಮುಂದಿನ ಹಬ್ಬಕ್ಕೆ ನಾನು ಇರ್ತೀನೋ ಇಲ್ವೋ."

"ಇರ್ತೀಯ. ಅದಕ್ಕೇ ಕಿತ್ಕೊಂಡದ್ದು."

ಅಜ್ಜಿ ಇದನ್ನೂ ಬೈಗುಳವೆಂದೇ ತಿಳಿದು ಅಳತೊಡಗಿದಳು. ಸುಜೆನ್ ಬಟ್ಟಲು, ಚಮಚ ಎರಡನ್ನೂ ಹೊರಗಿನ ನಲ್ಲಿಯಲ್ಲಿ ಮೂರು ಸಲ ತೊಳೆದು, ಒಳಗೆ ತಂದಿಟ್ಟು, ಹೊರಟಳು. ಹತ್ತನೆಯ ಮನೆ ಮುಗಿಸುವ ಹೊತ್ತಿಗೆ ಬುಟ್ಟಿಯಲ್ಲಿ ನೂರು.

ಉಳಿದದ್ದು ಒಂದು ಬಾಗಿಲು. ಮೊಳೆ ಖಾಲಿಯಿತ್ತು. ಲೇ ಫೂಗೆನ್ ಹೊಸ್ತಿಲ ಮೇಲೆ ಕೂತು, ಊರುಗೋಲನ್ನು ಪಕ್ಕಕ್ಕೊರಗಿಸಿ, ಹೊರಗೆ ಹೋಗುವ ಶೂ ಹಾಕಿಕೊಳ್ಳುತ್ತಿದ್ದ. ಒಂದು ಕಾಲಿಗೆ ಹಾಕಿಯಾಗಿತ್ತು.

ಅವನು ತಲೆಯೆತ್ತಿದ. ಐದು ವರ್ಷಗಳ ಮೇಲೆ ಮೊದಲ ಮಾತು ಅವನದು. "ಒಳಗೆ ಮೇಜಿನ ಮೇಲಿದೆ. ಹತ್ತೂ ಇವೆ. ತಗೋ."

ಸುಜೆನ್ ಬುಟ್ಟಿಯನ್ನು ಕೆಳಗಿಳಿಸಿದಳು.

"ನಿನ್ನೆ ನಿಮ್ಮ ಹೊಗೆಗೂಡಿಂದ ಬೆಳ್ಳುಳ್ಳಿ ವಾಸನೆ ಬಂತು," ಅಂದ ಫೂಗೆನ್. "ಹಂದಿಮಾಂಸ ಹುರೀತಿದ್ದೀಯ ಅಂದ್ಕೊಂಡೆ. ಇವತ್ತು ಕಡುಬು ಕೈಗೆತ್ಕೊಂಡಾಗ ಯೋಚನೆ ಬಂತು. ಒಲೆ ಮೇಲೆ ಕಡುಬಿನ ಹಂಡೆ ಇರೋವಾಗ ಮಾಂಸ ಎಲ್ಲಿ ಹುರೀತಾಳೆ? ಮೂವತ್ತು ವರ್ಷ ಕುಲುಮೆ ಮುಂದೆ ನಿಂತೋನು ನಾನು. ಪಾಷಾಣ ಸುಟ್ಟರೆ ಅದೇ ವಾಸನೆ. ಗೋಡೆ ಹುಲ್ಲಾ?"

ಸುಜೆನ್ ಒಳಗೆ ಹೋಗಿ ಗೊಂಚಲನ್ನು ತಂದು ಬುಟ್ಟಿಗೆ ಹಾಕಿದಳು. ನೂರಹತ್ತು.

"ನಿನ್ನ ಹತ್ರ ಬರೋಣ ಅಂತಲೇ ಶೂ ಹಾಕ್ತಿದ್ದೆ. ಮಂಡಿ ಮಡಿಚೋಕಾಗ್ದೆ ಅರ್ಧ ಗಂಟೆ ಆಯ್ತು ಒಂದು ಕಾಲಿಗೆ," ಎಂದು ಅವನು ಹಾಕಿದ್ದ ಶೂವನ್ನೂ ಕಳಚತೊಡಗಿದ. "ಬೇರೆಯವರಿಗೆಲ್ಲ ಏನಂತ ಹೇಳಿದೆ?"

"ಅವರ ಯೋಗ್ಯತೆಗೆ ಹೆಚ್ಚಾಯ್ತು ಅಂದೆ."

ಫೂಗೆನ್ ನಗಲು ಶುರುಮಾಡಿ ಕೆಮ್ಮಿನಲ್ಲಿ ಮುಗಿಸಿದ. ದೆಮಿಂಗನ ಕೆಮ್ಮಿನದೇ ಸದ್ದು. ಉಸಿರು ತಿರುಗಿದ ಮೇಲೆ ಕೇಳಿದ: "ಅಂತೂ ಎಲ್ಲ ಸಿಕ್ತು. ಯಾರಿಗೂ ಗೊತ್ತಾಗ್ಲಿಲ್ಲ ತಾನೆ?"

"ಇಲ್ಲ."

"ನಾನೂ ಹೇಳಲ್ಲ. ಆದ್ರೆ ಸುಜೆನ್, ಮಾನ್ಯಿಂಗ್ ಸೂರಿನ ಕೆಳಗೆ ನಾಲ್ಕು ಕಂತೆ ನೇತಾಡ್ತಿದೆ. ಲಿಫೆನ್ ಮನೇಲಿ ಎಷ್ಟಿದೆಯೋ. ಇವತ್ತೂ ಮೋಡ ಇದೆ, ಪುರಳೆ ಎಲ್ಲ ತೇವ. ನಾಳೆ ಹಬ್ಬದಡುಗೆಗೆ ಅವರು ಏನು ಹಚ್ತಾರೆ? ಗೋಡೇದು ನಮ್ಮದು ಅಂತ ಹೇಳಿಕೊಟ್ಟೋಳು ನೀನು."

"ನೀನೇ ಹೇಳು ಹಾಗಾದ್ರೆ. ಕುಲುಮೆ ಮೇಸ್ತ್ರಿ ನೀನು."

"ನಾನು ಹೇಳಿದ್ರೆ ಯಾರು ನಂಬ್ತಾರೆ?" ಅವನು ಕಳಚಿದ ಶೂವನ್ನು ಗೋಡೆಗೆ ತಟ್ಟಿ ಮಣ್ಣು ಉದುರಿಸಿದ. "ಮೂವತ್ತು ವರ್ಷ ಈ ಹೊಗೆಯಿಂದ ಏನೂ ಆಗಲ್ಲ ಅಂತ ಊರಿಗೆಲ್ಲ ಹೇಳಿದ ಬಾಯಿ ಇದು. ದೆಮಿಂಗ್‌ಗೂ ಹೇಳಿದ್ದೆ. ನೀನು ಹೇಳಿದ್ರೆ ಕೇಳ್ತಾರೆ. ನೀನು ಯಾವತ್ತೂ ತಪ್ಪು ಹೇಳೋಳಲ್ವಲ್ಲ."

ಕೊನೆಯ ಮಾತು ಚುಚ್ಚಲು ಆಡಿದ್ದೋ ಅಲ್ಲವೋ ಅವನ ಮುಖದಿಂದ ತಿಳಿಯುತ್ತಿರಲಿಲ್ಲ. ಸುಜೆನ್ ಬುಟ್ಟಿ ಹೊತ್ತು ಬೆನ್ನು ತಿರುಗಿಸಿದಳು.

ಷೆಡ್ಡಿಗೆ ಹೋಗಿ ಖಾಲಿ ಪೀಪಾಯಿಯೊಂದರ ಮುಚ್ಚಳ ತೆಗೆದಳು. ಕೈಗವಸು ಹಾಕಿಕೊಂಡಳು. ನೂರಹತ್ತು ಕಡುಬು, ಶೆನ್ ಕೈಯಿಂದ ಕಿತ್ತ ಎರಡು, ತನಗೆಂದು ಇಟ್ಟುಕೊಂಡಿದ್ದ ಎಂಟು. ಆಮೇಲೆ ಮನೆಗೆ ಹೋಗಿ ಬೂದಿಯ ಮಡಕೆ, ಸೋಸಿದ ಬಟ್ಟೆ, ಒಲೆಯೊಳಗಿನ ಬೂದಿಯನ್ನೆಲ್ಲ ಗುಡಿಸಿ ತುಂಬಿದ ಚೀಲ, ಸೂರಿನ ಕೆಳಗಿನ ಕಂತೆಗಳು. ಎರಡು ಸಲ ನಡೆಯಬೇಕಾಯಿತು. ಬಿದಿರೆಲೆಯ ವಾಸನೆ ಇನ್ನೂ ಚೆನ್ನಾಗಿಯೇ ಇತ್ತು. ಗದ್ದೆ ಸತ್ತ ಮೇಲೆ ಕೊಂಡು ತಂದ ಅಂಟಕ್ಕಿ ಅದು, ಒಂದೊಂದು ಕಾಳನ್ನೂ ಅವಳು ಕೈಯಾರೆ ಆರಿಸಿದ್ದಳು. ಮುಚ್ಚಳದ ತಿರುಪುಗಳನ್ನು ಬಿಗಿದು, ಕೈಗವಸು ಕಳಚಿ, ಅಲ್ಲಿಯೇ ಕೆಳಗೆ ಕೂತಳು. ಹೊರಗೆ ಅವಳ ಗದ್ದೆಯಲ್ಲಿ ಜರಿಹುಲ್ಲು ಮೊಣಕಾಲೆತ್ತರ ಬೆಳೆದು, ಮಳೆಗೆ ತೊಯ್ದು, ಹಚ್ಚಗೆ ನಿಂತಿತ್ತು. ಅದು ತನಗೆ ಸಿಕ್ಕಿದ್ದನ್ನೆಲ್ಲ ಹೀರಿ ಒಳಗಿಟ್ಟುಕೊಳ್ಳುವ ಹುಲ್ಲು. ಕತ್ತರಿಸಿ ಹೊರಗೆ ತರದಿದ್ದರೆ ಮತ್ತೆ ಅದೇ ಮಣ್ಣಿಗೆ ಉದುರುತ್ತದೆ ಎಂದು ಶೆನ್ ನೂರು ಸಲ ಹೇಳಿದ್ದಳು; ಸುಜೆನ್ ಅದನ್ನು ಇತರರಿಗೆ ಸಾವಿರ ಸಲ ಹೇಳಿದ್ದಳು.

ಸೂರಿನ ಕೆಳಗಿದ್ದ ಮೂರು ಕಂತೆಗಳಲ್ಲಿ ಅವಳು ಪೀಪಾಯಿಗೆ ಹಾಕಿದ್ದು ಎರಡು.

ಹಬ್ಬದ ಬೆಳಿಗ್ಗೆ ಓಣಿಯವರು ಮುಂಜಾನೆಯೇ ಎದ್ದು ಬಾಗಿಲುಗಳಿಗೆ ಮಾಚಿಪತ್ರೆಯ ಗೊಂಚಲು, ಬಜೆಯ ಎಲೆ ಕಟ್ಟುತ್ತಾರೆ. ಹಾವು, ಚೇಳು, ಜರಿ, ಯಾವ ವಿಷವೂ ಹೊಸ್ತಿಲು ದಾಟಿ ಒಳಗೆ ಬರದಿರಲೆಂದು. ಹನ್ನೊಂದು ಬಾಗಿಲಲ್ಲೂ ಹಸಿರು ತೂಗುತ್ತಿತ್ತು. ಇನ್ನೂ ಯಾವ ಹೊಗೆಗೂಡಿನಿಂದಲೂ ಹೊಗೆ ಎದ್ದಿರಲಿಲ್ಲ. ನೀರಿಗೆಂದು ಮೊದಲು ಹೊರಬಂದವಳು ಮಾನ್ಯಿಂಗ್. ಓರಗಿತ್ತಿಯ ಮನೆಯತ್ತ ನೋಡಲೇಬಾರದೆಂದು ಮುಖ ಆಚೆ ತಿರುಗಿಸಿಕೊಂಡು ಬಂದವಳು, ಆದರೂ ನೋಡಿದಳು, ನಿಂತುಬಿಟ್ಟಳು.

ಸುಜೆನಳ ಬಾಗಿಲಿಗೆ ಮಾಚಿಪತ್ರೆ ಇರಲಿಲ್ಲ. ಅದರ ಜಾಗದಲ್ಲಿ ಕಂದುಬಣ್ಣದ ಒಣ ಜರಿಹುಲ್ಲಿನ ಒಂದು ಕಂತೆ ತಲೆಕೆಳಗಾಗಿ ತೂಗುತ್ತಿತ್ತು. ಹುರಿಗೆ ಎರಡು ಸುತ್ತು, ಎಡಕ್ಕೊಂದು ಗಂಟು. ಆ ಗಂಟು ಹಾಕುವವಳು ಊರಿನಲ್ಲಿ ಸುಜೆನ್ ಒಬ್ಬಳೇ. ಕೆಳಗೆ ಮೋಟುಕುರ್ಚಿಯ ಮೇಲೆ ಸುಜೆನ್ ಕೂತಿದ್ದಳು, ತಲೆ ಬಾಚಿ, ಹಬ್ಬದ ನೀಲಿ ಅಂಗಿ ತೊಟ್ಟು. ಪಕ್ಕದಲ್ಲಿ ಇನ್ನೊಂದು ಕುರ್ಚಿ ಖಾಲಿ ಇತ್ತು.

"ಏನಕ್ಕ ಇದು," ಎಂದಳು ಮಾನ್ಯಿಂಗ್, ಸಿಟ್ಟನ್ನು ಬಿಡದೆ. "ಮಾಚಿಪತ್ರೆಗೂ ಜಿಪುಣತನವಾ? ವಿಷ ಹೊರಗಿಡೋ ಜಾಗದಲ್ಲಿ ಗದ್ದೆ ವಿಷವನ್ನೇ ತಂದು ಕಟ್ಟಿದ್ದೀಯ?"

ಸುಜೆನ್ ಖಾಲಿ ಕುರ್ಚಿಯನ್ನು ಕಾಲಿನಿಂದ ಅವಳತ್ತ ಸರಿಸಿದಳು.

"ಒಲೆ ಹಚ್ಬೇಡ. ಮೊದಲು ಕೂತ್ಕೋ," ಎಂದಳು. "ನಿನ್ನ ಮೊಟ್ಟೆ ಯಾವುದೂ ಕೆಟ್ಟಿರಲಿಲ್ಲ."